ನೇಮ್‌ಸೇಕ್ ಅಂದರೆ

ಕೋಬೆ, ಸೋಮವಾರ

ಚಿ. ಸೌ. ಪ್ರೇರಣಾಗೆ,

ನೀನು ಫೋನ್ ಎತ್ತುತ್ತಿಲ್ಲ, ಹಾಗಾಗಿ ಈ ಕಾಗದ. ನಿನ್ನ ಮೇಲೆ ರೇಗಿದಂದಿನಿಂದ ಮನೆಯಲ್ಲಿ ಕೂರಲಾಗದೆ ಬಂದರಿನ ಸುತ್ತ ಅಲೆಯುತ್ತಿದ್ದೇನೆ. ಮಗು 'ಅಮ್ಮನ ನೇಮ್‌ಸೇಕ್' ಆಗುತ್ತಾಳೆ ಎಂದು ಬರೆದಿದ್ದೆಯಲ್ಲ, ನಮ್ಮ ಕಾಲೇಜಿನಲ್ಲಿ 'ಫಾರ್ ನೇಮ್‌ಸೇಕ್' ಎಂದರೆ ಕಾಟಾಚಾರಕ್ಕೆ ಎಂದರ್ಥ. "ನಿನ್ನಮ್ಮನ ಹೆಸರು ಹಾಗೆಲ್ಲ ಇಡೋದು ಬೇಡ" ಎಂದದ್ದು ಅದಕ್ಕೇ.

ಇವತ್ತು ಹಡಗಿನ ಮಾದರಿಗಳ ಪ್ರದರ್ಶನವೊಂದಕ್ಕೆ ಹೊಕ್ಕೆ. ಫ್ರೆಂಚರ ಹಾಯಿ ಯುದ್ಧನೌಕೆ, ಹೆಸರು ಆನಿಬಾಲ್. ಆನೆಗಳೊಂದಿಗೆ ಪರ್ವತ ದಾಟಿದ ದಂಡನಾಯಕ ಹ್ಯಾನಿಬಲ್‌ನ ಹೆಸರೇ. ಪಕ್ಕದಲ್ಲಿ ಇನ್ನೊಂದು ಆನಿಬಾಲ್, ಅದರ ಚೀಟಿಯಲ್ಲಿ 'ನೇಮ್‌ಸೇಕ್' ಎಂದಿತ್ತು. ಅಷ್ಟೊಂದು ಫಿರಂಗಿ ಹೊತ್ತ ಹಡಗಿಗೆ ಕಾಟಾಚಾರಕ್ಕೆ ಯಾರು ಹೆಸರಿಡುತ್ತಾರೆ? ಸುಮಿಮಾಸೆನ್, ಕ್ಷಮಿಸಿ, ಎಂದು ಪ್ರದರ್ಶನ ನೋಡಿಕೊಳ್ಳುತ್ತಿದ್ದ ಮೊರಿತಾ ಸಾನ್ ಅವರನ್ನು ಕೇಳಿದೆ. ಮೊದಲಿನದು ಇಲ್ಲವಾದ ಮೇಲೆ ಅದೇ ಹೆಸರು ಹೊತ್ತದ್ದು ಎಂದರು.

ಭಾನುವಾರದ ನಾಮಕರಣದಲ್ಲಿ ನಿನ್ನಮ್ಮನ ಹೆಸರನ್ನೇ, ವಿಶಾಲಾಕ್ಷಿ ಎಂದೇ ಇಡು. ಶಿನಾಗಾವಾದಲ್ಲಿ ಇಳಿದು ನಿನ್ನ ಮನೆಯಿರುವ ಎಡೋಗಾವಾಕ್ಕೆ ಯಾವ ರೈಲು ಹತ್ತಬೇಕೆಂದು ತಿಳಿಸು. ಮಗುವಿನ ಕಿವಿಯಲ್ಲಿ ಹೆಸರು ಹೇಳಲು ನನಗೆ ಬಿಡುತ್ತೀಯಾ? ನಿನ್ನಮ್ಮ ನನ್ನ ಜೊತೆ ಬಾಳಿದ ಮೂವತ್ತೆಂಟು ವರ್ಷವೂ 'ಇವಳೇ' ಎಂದೇ ಕರೆದೆ, ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ.

ನಿನ್ನ ಉತ್ತರಕ್ಕೆ ಕಾಯುವ
ಅಪ್ಪ