ಪೆಟ್ಟಿಗೆಗೆ ಕಟ್ಟಿದ ಹಳದಿ ಚೀಟಿ

ಜನವರಿ 9, ಬೆಳಿಗ್ಗೆ 6.50

...ಹಾಂ, ಸಾರಿ, ಮತ್ತೆ ಮೊದಲಿಂದ. ಇಪ್ಪತ್ತು ನಿಮಿಷ ಮಾತಾಡಿ ನೋಡಿದರೆ ರೆಕಾರ್ಡ್ ಬಟನ್ನೇ ಒತ್ತಿಲ್ಲ. ಯಾರಿಗೆ ಸಾರಿ ಹೇಳ್ತಿದ್ದೀನೋ... ಕೇಳೋವರು ಯಾರೂ ಇಲ್ಲ. ಹೊಸ ವರ್ಷದ ದಿನ ಹೆಂಡತಿ ಕೈ ಮುಗಿದುಬಿಟ್ಟಳು — "ನಿಮ್ಮ ಮೈಕ್ರಾನ್ ಪುರಾಣ ಇಪ್ಪತ್ತೆರಡು ವರ್ಷ ಕೇಳಿದ್ದೀನಿ. ಇನ್ನು ಫೋನಿಗೆ ಹೇಳಿ. ಅದಕ್ಕೆ ಚಾರ್ಜ್ ಮಾಡಿಕೊಳ್ಳೋ ವ್ಯವಸ್ಥೆ ಇದೆ." ಸರಿ, ವಾಕಿಂಗ್ ಹೊತ್ತಲ್ಲಿ ಫೋನಿಗೆ. ಎದುರಿಗೆ ಬರೋರು ಯಾರ ಜೊತೆಯೋ ಜಗಳ ಆಡ್ತಿದ್ದಾನೆ ಅಂದುಕೊಂಡು ದಾರಿ ಬಿಡ್ತಾರೆ.

ವಿಷಯ ಏನು ಅಂದರೆ — ಏರ್ ಶೋನಲ್ಲಿ ಸ್ಟಾಲ್ ಸಿಕ್ಕಿತು. ಜಗತ್ತಿನ ವಿಮಾನ ಕಂಪನಿಗಳೆಲ್ಲ ಬರೋ ಶೋ. ಅಕ್ಕ ನಿನ್ನೆ ನಕ್ಷೆ ತಂದು ಮೇಜಿನ ತುಂಬ ಹರಡಿದಳು. ನಾಲ್ಕನೇ ಹಾಲ್, ಕೊನೇ ಮೂಲೆ, ಟಾಯ್ಲೆಟ್ ಪಕ್ಕ. "ಒಳ್ಳೇದೇ ಬಿಡು, ಎಂಥ ದೊಡ್ಡ ಮನುಷ್ಯನೂ ದಿನಕ್ಕೆರಡು ಸಲ ನಮ್ಮ ಮುಂದೆ ಬರಲೇಬೇಕು" ಅಂದೆ. ನಗಲಿಲ್ಲ.

ನಗೋ ಸ್ಥಿತೀಲಿ ಇಲ್ಲ ಪಾಪ. ವರ್ಕ್‌ಶಾಪ್ ಅವಳದು, ನನ್ನದು ತಪಾಸಣೆ. ಒಟ್ಟು ಹನ್ನೊಂದು ಜನ. ವಿಮಾನದಲ್ಲಿ ಇಂಧನದ ಪೈಪುಗಳು ಬಂದು ಕೂಡೋ ಕಡೆ ಅಂಗೈ ಅಗಲದ ಒಂದು ಲೋಹದ ಬ್ಲಾಕ್ ಇರುತ್ತೆ, ಒಳಗೆ ಅಡ್ಡಡ್ಡ ತೂತು — ಅದನ್ನ ಮಾಡ್ತೀವಿ. ಗಿರಾಕಿ ಒಬ್ಬರೇ. ಅವರು ಆ ಮಾಡೆಲ್ ವಿಮಾನ ಮಾಡೋದನ್ನೇ ಮುಂದಿನ ವರ್ಷ ನಿಲ್ಲಿಸ್ತಿದ್ದಾರೆ. ಶೋನಲ್ಲಿ ಹೊಸಬರು ಒಬ್ಬರಾದರೂ ಸಿಗಬೇಕು. ಸಿಗದಿದ್ದರೆ ಬಾಗಿಲು ಹಾಕೋದೇ. ಅಕ್ಕ ಬಾಯಿಬಿಟ್ಟು ಹೇಳಿಲ್ಲ. ನಕ್ಷೆ ಮಡಿಚೋವಾಗ ನಾಲ್ಕು ಸಲ ತಪ್ಪು ಮಡಿಚಿದಳು. ಅಷ್ಟು ಸಾಕು ನನಗೆ.

ಫೆಬ್ರವರಿ 4, ಬೆಳಿಗ್ಗೆ 7.05

ನಲವತ್ತಮೂರು ಕಂಪನಿಗೆ ಮೇಲ್ ಹಾಕಿದ್ವಿ. ಹದಿನೈದೇ ನಿಮಿಷ ಕೊಡಿ ಸ್ವಾಮಿ, ಅಂತ. ಐದು ಉತ್ತರ. ಅದರಲ್ಲಿ ಮೂರು "ಸಾಧ್ಯವಾದರೆ ನೋಡೋಣ".

ನಿನ್ನೆ ಅಕ್ಕ ನನಗೆ ಪರೀಕ್ಷೆ ಇಟ್ಟಳು. ಅವಳೇ ಗಿರಾಕಿ. ಕೈಯಲ್ಲಿ ಸ್ಟಾಪ್‌ವಾಚ್.

"ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರಿ?"

ನಾನು ಶುರು ಮಾಡಿದೆ. ಅಪ್ಪನ ಹಳೇ ಲೇತ್, ಅದರ ಬೆಲ್ಟು, ಬೆಲ್ಟಿಗೆ ಸಿಕ್ಕಿದ ಅಪ್ಪನ ಅಂಗಿ ತೋಳು...

"ನಾಲ್ಕು ನಿಮಿಷ ಹತ್ತು ಸೆಕೆಂಡ್. ಉತ್ತರ ಇಪ್ಪತ್ತೆರಡು ವರ್ಷ. ಎರಡೇ ಪದ. ಶೋನಲ್ಲಿ ನೀನು ಹಿಂದೆ ನಿಲ್ಲು. ಒಂದು ಪ್ರಶ್ನೆಗೆ ಒಂದು ಉತ್ತರ. ನಾನು ಹೀಗೆ ಬೆರಳೆತ್ತಿದರೆ, ನಿಲ್ಲಿಸು."

ಐವತ್ತು ವರ್ಷದವನಿಗೆ ಬೆರಳು! ಇರಲಿ. ಮೆತ್ತನೆ ಶೂ ತಗೋ ಅಂತ ಹೋಗಿಬಂದವರೆಲ್ಲ ಹೇಳ್ತಿದ್ದಾರೆ. ಅಕ್ಕನೇ ತಂದುಕೊಟ್ಟಳು, ಅಳತೆ ಕೇಳದೇನೇ. ಸರಿಯಾಗಿ ಕೂತಿತು.

ಮಾರ್ಚ್ 4, ಸಂಜೆ 5.40

ಸ್ಯಾಂಪಲ್ ಪ್ಯಾಕ್ ಆಯ್ತು. ಆರು ಬ್ಲಾಕು, ಕನ್ನಡಿ ಥರ ಹೊಳೀತಿವೆ. ಮರದ ಪೆಟ್ಟಿಗೆ, ಒಳಗೆ ಫೋಮ್. ಬೆಳಿಗ್ಗೆ ಅವುಗಳಲ್ಲಿ ಒಂದು ಬ್ಲಾಕಿನ ಲೋಹದ ಸರ್ಟಿಫಿಕೇಟ್ ಬಂದಿರಲಿಲ್ಲ. ಕಾಗದ ಇಲ್ಲದ ಲೋಹ ಬಾಗಿಲು ದಾಟೋ ಹಾಗಿಲ್ಲ, ನಾನು ಬಿಡೋದೂ ಇಲ್ಲ. ಪೆಟ್ಟಿಗೆಗೆ ಹಳದಿ ಚೀಟಿ ಕಟ್ಟಿದೆ. ಹಳದಿ ಅಂದರೆ 'ತಡೆ'. ಯಾರೂ ಮುಟ್ಟಬಾರದು. ಮಧ್ಯಾಹ್ನ ಸರ್ಟಿಫಿಕೇಟ್ ಬಂತು. ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆ. ಹೊಟ್ಟೆ ತಂಪಾಯಿತು.

ನಾಳೆ ನಾವಿಬ್ಬರೂ ರೈಲು ಹತ್ತೋದು. ನಾಡಿದ್ದು ಸಾಗಾಣಿಕೆ ಗಾಡಿಯವನು ಬಂದು ಪೆಟ್ಟಿಗೆ ಒಯ್ತಾನೆ. ಒಂಬತ್ತನೇ ತಾರೀಕು ಸ್ಟಾಲಲ್ಲಿ.

ಮಾರ್ಚ್ 9, ಮಧ್ಯಾಹ್ನ 3.20

ಪೆಟ್ಟಿಗೆ ಬಂದಿಲ್ಲ.

ಗಾಡಿಯವನಿಗೆ ಫೋನ್ ಮಾಡಿದೆ. "ನಿಮ್ಮವರೇ ಕೊಡಲಿಲ್ಲ ಸರ್."

ವರ್ಕ್‌ಶಾಪಿಗೆ ಮಾಡಿದೆ. ಲೋಹ ಕೊರೆಯೋ ಮಿಲ್ಲಿಂಗ್ ಮೆಷಿನ್ ನಡೆಸೋ ಹೆಂಗಸು ಎತ್ತಿದಳು. ಹದಿನಾರು ವರ್ಷದಿಂದ ನಮ್ಮಲ್ಲೇ ಇದ್ದಾಳೆ, ನಾನೇ ಕಲಿಸಿದವಳು.

"ಪೆಟ್ಟಿಗೆ ಯಾಕಮ್ಮ ಕೊಡಲಿಲ್ಲ?"

"ಹಳದಿ ಚೀಟಿ ಇತ್ತಲ್ಲ ಸರ್."

ಸರ್ಟಿಫಿಕೇಟ್ ಫೈಲಿಗೆ ಹಾಕಿದವನು ಚೀಟಿ ಬಿಚ್ಚೋದನ್ನೇ ಮರೆತಿದ್ದೆ.

"ಒಂದು ಫೋನ್ ಮಾಡಿ ಕೇಳಬಾರದಾ?"

"ಚೀಟಿ ಇದ್ರೆ ನನಗೊಂದು ಕಾರಣ ಇದೆ ಅಂತ ಅರ್ಥ, ಯಾಕೆ ಅಂತ ಕೇಳಬೇಡಿ — ನೀವೇ ಅಲ್ವಾ ಸರ್ ಹೇಳಿದ್ದು? ಅವನು ಅರ್ಧ ಗಂಟೆ ಕೂಗಾಡಿದ. ನಾವು ಪೆಟ್ಟಿಗೆ ಸುತ್ತ ನಿಂತ್ಕೊಂಡ್ವಿ."

"ಸರಿ ಸರಿ, ಈಗ ಚೀಟಿ ಕಿತ್ತು ಕಳಿಸು."

ತುಂಬಾ ಮರ್ಯಾದೆಯಿಂದ ಅಂದಳು — "ಫೋನಲ್ಲಿ ಹೇಳಿದ್ರೆ ತೆಗೀಬೇಡಿ ಅಂತ ಇದೆ ಸರ್. ಗೋಡೆ ಮೇಲೆ ನೀವೇ ಅಂಟಿಸಿರೋದು. ಪಾಯಿಂಟ್ ಏಳು."

ಮೇಲ್ ಹಾಕಿದೆ. ಸಹಿ ಇಲ್ಲ ಅಂತ ವಾಪಸ್ ಬಂತು. ಸಹಿ ಮಾಡಿ, ಫೋಟೋ ತೆಗೆದು, ಮತ್ತೆ ಹಾಕಿದೆ. ಈಗ ಗಾಡಿ ಹುಡುಕ್ತಿದ್ದಾರೆ. ತಲುಪೋದು ಹದಿಮೂರಕ್ಕಂತೆ. ಶೋ ಮುಗಿಯೋದೇ ಹದಿಮೂರಕ್ಕೆ.

ಅಕ್ಕ ಗಾಜಿನ ಶೆಲ್ಫ್ ಒರೆಸ್ತಿದ್ದಾಳೆ. ಖಾಲಿ ಶೆಲ್ಫ್. ಮೂರನೇ ಸಲ.

ಮಾರ್ಚ್ 10, ಬೆಳಿಗ್ಗೆ 6.15

ನಿನ್ನೆ ಊಟದ ಹೊತ್ತಲ್ಲಿ ಅಕ್ಕನಿಗೆ ಹೇಳಿಬಿಟ್ಟೆ. "ವಾಪಸ್ ಹೋದಮೇಲೆ ನಾನು ಕೆಲಸ ಬಿಡ್ತೀನಿ. ಹನ್ನೊಂದು ಜನರ ಅನ್ನಕ್ಕೆ ಕಲ್ಲು ಹಾಕಿದ್ದೀನಿ."

ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. "ಬಿಟ್ಟು ಯಾರ ತಲೆ ತಿಂತೀಯ? ನಿನ್ನ ಹೆಂಡತಿ ಆಗಲೇ ಕೈಯೆತ್ತಿದ್ದಾಳೆ."

"ತಮಾಷೆ ಅಲ್ಲಕ್ಕಾ."

"ನಾನೂ ತಮಾಷೆ ಮಾಡ್ತಿಲ್ಲ. ನಾಳೆ ಆ ಖಾಲಿ ಶೆಲ್ಫ್ ಮುಂದೆ ನಾನೊಬ್ಬಳೇ ನಿಲ್ಲಬೇಕಾ? ಬೆಳಿಗ್ಗೆ ಎಂಟಕ್ಕೆ ಲಾಬಿಗೆ ಬಾ. ಶೂ ಹಾಕ್ಕೊಂಡು."

ಅಷ್ಟೇ. ಬೈದಿದ್ದರೆ ತಡಕೊಳ್ತಿದ್ದೆ. ರೂಮಿಗೆ ಬಂದು ಮುಖಕ್ಕೆ ನೀರು ಹಾಕಿಕೊಂಡೆ... ಸಾಬೂನು ಕಣ್ಣಿಗೆ ಹೋಗಿತ್ತು ಅಂತಲೇ ಇಟ್ಕೋ.

ಮಾರ್ಚ್ 10, ಸಂಜೆ 6.00

ಮೊದಲ ದಿನ. ಜನವೋ ಜನ. ಎದುರು ಸ್ಟಾಲಲ್ಲಿ ನಿಜವಾದ ಇಂಜಿನ್, ಒಂದು ಕೋಣೆಯಷ್ಟು ದೊಡ್ಡದು, ನಿಧಾನಕ್ಕೆ ತಿರುಗ್ತಿದೆ. ನಮ್ಮಲ್ಲಿ ಅಕ್ಕ, ನಾನು, ಬ್ರೋಷರ್. ಮೇಲಿನ ಎಸಿ ಗಾಳಿಗೆ ಬ್ರೋಷರೂ ಹಾರಿಹೋಗ್ತಿದ್ದವು. ಬ್ಯಾಗಿಂದ ನನ್ನ ಪೇಪರ್‌ವೇಟ್ ತೆಗೆದು ಇಟ್ಟೆ.

ಪೇಪರ್‌ವೇಟ್ ಅಂದರೆ ನಮ್ಮದೇ ಬ್ಲಾಕು, ಅರ್ಧ. ಕೆಂಪು ಬಣ್ಣ ಬಳಿದಿರೋದು. ತಪಾಸಣೇಲಿ ಬಿದ್ದುಹೋದ ಪೀಸನ್ನ ಗರಗಸದಲ್ಲಿ ಎರಡು ಹೋಳು ಮಾಡಿ ಕೆಂಪು ಬಳೀತೀವಿ — ಅಪ್ಪಿತಪ್ಪಿಯೂ ವಿಮಾನ ಸೇರಬಾರದು ಅಂತ. ಇದು ಹನ್ನೊಂದು ವರ್ಷದ ಹಿಂದಿನದು. ನಲವತ್ತು ಪೀಸಿಗೆ ನಾನೇ ಸ್ಟಾಂಪ್ ಹಾಕಿ ಕಳಿಸಿದ್ದೆ. ಮಾರನೇ ದಿನ ಸ್ನಾನ ಮಾಡ್ತಾ ಏನೋ ಕೊರೀತು. ಅಳತೆಯ ಒಂದು ಗೇಜ್ ನಾನು ಓದಿದ್ದು ಸರಿಯಾ? ಅಕ್ಕನನ್ನೂ ಕೇಳದೆ ಗಿರಾಕಿಗೆ ಫೋನ್ ಮಾಡಿದೆ, ಜೋಡಿಸಬೇಡಿ ಅಂತ. ನಲವತ್ತೂ ವಾಪಸ್. ಎಲ್ಲ ಕತ್ತರಿಸಿ ನೋಡಿದ್ವಿ. ಮೂವತ್ತೊಂಬತ್ತು ಸರಿ ಇದ್ದವು. ಒಂದರಲ್ಲಿ ಒಳಗಿನ ತೂತು ಓರೆ, ಗೋಡೆ ಕಾಗದದಷ್ಟು ತೆಳು.

ಒಂದಕ್ಕೋಸ್ಕರ ನಲವತ್ತು ಹಾಳು ಮಾಡಿದೆ ಅಂತ ತಲೆ ತಗ್ಗಿಸಿ ನಿಂತಿದ್ದೆ. ಅಕ್ಕ ಆ ಒಂದನ್ನ ತಂದು ನನ್ನ ಮೇಜಿನ ಮೇಲಿಟ್ಟಳು. "ಇದು ಇಷ್ಟು ಹೊತ್ತಿಗೆ ಮೋಡದ ಮೇಲಿರಬೇಕಿತ್ತು. ಇಲ್ಲಿದೆ. ಇಟ್ಕೋ."

ಅಂಥವಳು.

ಇವತ್ತು ಮಾತ್ರ ಮುಖ ಗಂಟು ಹಾಕಿಕೊಂಡಳು. "ಶೋಗೆ ಬಂದು ಗುಜರಿ ಇಡ್ತೀಯಾ?" ಅಂದಳು. ಬ್ರೋಷರ್ ಹಾರಿದ ಮೇಲೆ ಸುಮ್ಮನಾದಳು. ಬಂದ ಮೂವರೂ ಟಾಯ್ಲೆಟ್ ಎಲ್ಲಿ ಅಂತ ಕೇಳೋಕೆ ಬಂದವರು.

ಮಾರ್ಚ್ 11, ಸಂಜೆ 4.10

ನಿಧಾನಕ್ಕೆ ಹೇಳ್ತೀನಿ.

ಎರಡು ಗಂಟೆಗೆ ಹೊರಗೆ ವಿಮಾನಗಳ ಹಾರಾಟ. ಹಾಲ್ ಪೂರ್ತಿ ಖಾಲಿ, ಎಲ್ಲರೂ ಕತ್ತೆತ್ತಿಕೊಂಡು ಬಯಲಲ್ಲಿ. ನಾವಿಬ್ಬರೇ. ಆಗ ಒಬ್ಬರು ಬಂದರು. ಅರವತ್ತರ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಒಂದು ಕೈಯಲ್ಲಿ ಶೂ, ಬರಿಗಾಲು. ಇಂಧನದ ಪಂಪ್ ಮಾಡೋ ಕಂಪನಿಯವರು. ಹಾರಾಟ ನೋಡೋಕೆ ಹೋಗಲಿಲ್ವಾ ಅಂತ ಅಕ್ಕ ಕೇಳಿದರೆ, "ಮೂವತ್ತು ವರ್ಷ ನೋಡಿದ್ದೀನಿ, ಈಗ ಕೂರೋಕೆ ಜಾಗ ಬೇಕು" ಅಂದರು. ಕುರ್ಚಿ ಕೊಟ್ಟೆ. ಕೂತವರು ಪೇಪರ್‌ವೇಟ್ ಎತ್ತಿಕೊಂಡರು.

"ಎಲ್ಲರೂ ಒಳ್ಳೇದು ತೋರಿಸ್ತಾರೆ. ನೀವೇನ್ರೀ ಕೆಟ್ಟಿದ್ದು ಇಟ್ಟಿದ್ದೀರಿ?"

ಅಕ್ಕನ ಬೆರಳು ಮೇಲೆದ್ದಿತು. "ಗಾಳಿಗೆ" ಅಂದೆ. ಒಂದು ಪ್ರಶ್ನೆ, ಒಂದು ಉತ್ತರ.

ಅವರು ಕನ್ನಡಕ ಹಣೆಗೇರಿಸಿ ಕತ್ತರಿಸಿದ ಕಡೆ ನೋಡಿದರು. ತೆಳ್ಳಗಿನ ಗೋಡೆ ಮೇಲೆ ಉಗುರಾಡಿಸಿದರು. "ಇದನ್ನ ಹಿಡಿದಿದ್ದು ಯಾರು?"

"ನಾನು."

"ಹೇಗೆ?"

ಅಕ್ಕನ ಕಡೆ ನೋಡಿದೆ. ಬೆರಳು ಹಾಗೇ ಇತ್ತು. ಆಮೇಲೆ ಇಳೀತು. "ಹೇಳು. ಪೂರ್ತಿ ಹೇಳು."

ಹೇಳಿದೆ. ಎಲ್ಲಾ. ಸ್ನಾನದಿಂದ ಹಿಡಿದು. ಶೆಲ್ಫ್ ಯಾಕೆ ಖಾಲಿ ಅನ್ನೋದನ್ನೂ — ಚೀಟಿ, ಪಾಯಿಂಟ್ ಏಳು. ಮಧ್ಯೆ ಮೂರು ಸಲ ನಿಲ್ಲಿಸಬೇಕಾಯಿತು, ಮೇಲೆ ಜೆಟ್ ಹೋಗಿ ಗಾಜೆಲ್ಲ ಅದುರಿತು. ನನಗಿಂತ ಜೋರಾಗಿ ಮಾತಾಡೋದು ಮೊದಲ ಸಲ ಸಿಕ್ಕಿತು ನೋಡು.

ಅವರು ಕೇಳಿದ್ದು ಒಂದೇ. "ಗಾಡಿಯವನು ಅಷ್ಟು ಕೂಗಾಡಿದ್ರೂ ಒಬ್ಬರೂ ಮುಟ್ಟಲಿಲ್ಲವಾ?"

"ಹತ್ತಿರಕ್ಕೂ ಬಿಡಲಿಲ್ಲ."

ಶೂ ಹಾಕಿಕೊಂಡರು. "ಹೊಳೆಯೋ ಸ್ಯಾಂಪಲ್ ಬೆಳಿಗ್ಗೆಯಿಂದ ನೂರು ನೋಡಿದ್ದೀನಿ. ನಿಮ್ಮ ಜನರನ್ನ ನೋಡಬೇಕು. ಏಪ್ರಿಲ್ ಕೊನೇಲಿ ಬರ್ಲಾ?"

ಆರ್ಡರ್ ಅಲ್ಲ, ಬರೀ ಬರ್ತಾರಂತೆ. ಹೋದಮೇಲೆ ಅಕ್ಕ ಆ ಕುರ್ಚಿ ಮೇಲೇ ಕೂತು, ತುಂಬಾ ಹೊತ್ತು ಮಾತಾಡಲಿಲ್ಲ. ನಾನೂ ಆಡಲಿಲ್ಲ. ದಾಖಲೆ.

ಮಾರ್ಚ್ 13, ಸಂಜೆ 5.30

ಪೆಟ್ಟಿಗೆ ಬಂತು! ಕಾರ್ಪೆಟ್ ಸುತ್ತುತ್ತಿದ್ದಾರೆ, ಬೋರ್ಡ್ ಇಳಿಸ್ತಿದ್ದಾರೆ, ಆಗ ಬಂತು. ಆರೂ ತೆಗೆದು ಶೆಲ್ಫಲ್ಲಿಟ್ಟು ಫೋಟೋ ತೆಗೆದು ವರ್ಕ್‌ಶಾಪಿಗೆ ಕಳಿಸಿದೆ, "ನೋಡಿ, ಎಷ್ಟು ಚೆನ್ನಾಗಿ ಕಾಣ್ತಿವೆ" ಅಂತ. ಹಿಂದೆ ಶೆಲ್ಫ್ ಎತ್ತಿಕೊಂಡು ಹೋಗೋಕೆ ಇಬ್ಬರು ಕಾಯ್ತಿದ್ದರು. ಐದು ನಿಮಿಷ ಕೊಟ್ಟರು, ಪುಣ್ಯಾತ್ಮರು.

ಮೇ 1, ಬೆಳಿಗ್ಗೆ 6.45

ಪಂಪ್ ಮೇಡಂ ಎರಡು ದಿನ ಇದ್ದು ಹೋದರು. ನನ್ನ ಜೊತೆ ಹೆಚ್ಚು ಮಾತಾಡಲೇ ಇಲ್ಲ. ಮೆಷಿನ್ ಹತ್ತಿರ ನಿಂತು ಒಬ್ಬೊಬ್ಬರನ್ನೇ ಕೇಳಿದರು. ಮಿಲ್ಲಿಂಗ್‌ನವಳನ್ನ — ಈಗ ಅವಳ ಹೆಸರೇ ಪಾಯಿಂಟ್ ಏಳು — ಕೇಳಿದ್ದು ಇದು: "ನಿಮ್ಮ ಸರ್ ಆ ರೈಲಲ್ಲೇ ಸತ್ತುಹೋಗಿದ್ರೆ ಚೀಟಿ ಯಾರು ಬಿಚ್ತಿದ್ರು?"

"ಯಾರೂ ಇಲ್ಲ ಮೇಡಂ. ಪೆಟ್ಟಿಗೆ ಅಲ್ಲೇ ಇರ್ತಿತ್ತು."

ಒಬ್ಬರೂ ನಗಲಿಲ್ಲ.

ವರದಿ ಬಂತು. ಎಲ್ಲ ಚೆನ್ನಾಗಿದೆ, ಒಂದೇ ದೋಷ, ಅದು ನಾನು. ಹೆಸರು ಬರೆದಿಲ್ಲ, ಆದರೂ ನಾನೇ. ಎಲ್ಲ ತೀರ್ಮಾನ ಒಬ್ಬನ ಕೈಯಲ್ಲಿ. ಎರಡನೇ ತಪಾಸಕರು ಬೇಕು, ಅವರಿಗೂ ಪೂರ್ತಿ ಅಧಿಕಾರದ ಸ್ಟಾಂಪ್ ಕೊಡಬೇಕು. ಎರಡನೇ ಸ್ಟಾಂಪ್ ಬಿದ್ದ ಮೊದಲ ಪೀಸಿನ ಕಾಗದ ಕೈಸೇರಿದ ದಿನ, ಮೂರು ವರ್ಷದ ಆರ್ಡರಿಗೆ ಸಹಿ.

ಎರಡು ದಿನ ಊಟ ಸೇರಲಿಲ್ಲ. ಹೆಂಡತಿ ಸದ್ಯ ಕಿವಿಗೊಟ್ಟಳು. ಕೇಳಿ ಅಂದಳು, "ಒಂಬತ್ತು ಜನ ನಿಮ್ಮ ಚೀಟೀನ ನಂಬಿ ಗಾಡಿಯವನ ಮುಂದೆ ನಿಂತ್ರು. ನೀವು ಅವರಲ್ಲಿ ಎಷ್ಟು ಜನರನ್ನ ನಂಬಿದ್ರಿ?"

ಫೋನಿಗಿಂತ ಅವಳೇ ವಾಸಿ. ಫೋನು ತಿರುಗಿ ಕೇಳಲ್ಲ.

ಜುಲೈ 18, ಬೆಳಿಗ್ಗೆ 11.25

ಇಷ್ಟು ದಿನ ಏನೂ ಹೇಳಿಲ್ಲ, ಪುರುಸೊತ್ತಿರಲಿಲ್ಲ. ಎರಡೂವರೆ ತಿಂಗಳು ದಿನಾ ಸಂಜೆ ಪಾಯಿಂಟ್ ಏಳಿಗೆ ತಪಾಸಣೆ ಪಾಠ, ಎರಡನೇ ಸ್ಟಾಂಪ್ ಅವಳಿಗೇ. ಗೊತ್ತಿರೋದನ್ನೆಲ್ಲ ಹೇಳಿದೆ. ಗೊತ್ತಿಲ್ಲದ್ದನ್ನ ಅವಳು ಕೇಳಿದಳು. ಎರಡು ಕಡೆ ನನ್ನ ವಿಧಾನವೇ ಸುತ್ತುದಾರಿ ಅಂತ ತೋರಿಸಿದಳು, ಅದೇ ಮರ್ಯಾದೆಯಿಂದ.

ಇವತ್ತು ಮೊದಲ ಪೀಸ್. ಅರವತ್ತೊಂದು ಅಳತೆ. ಅವಳು ಒಳಗೆ ಅಳೀತಿದ್ದಾಳೆ, ನಾನು ಹೊರಗೆ, ಕಬ್ಬಿಣದ ಮೆಟ್ಟಿಲ ಮೇಲೆ. ಅಕ್ಕನೇ ಅಟ್ಟಿದಳು. "ನೀನು ಅಲ್ಲಿ ನಿಂತು ಉಸಿರು ಬಿಟ್ರೆ ಗೇಜ್ ಬಿಸಿಯಾಗುತ್ತೆ." ಐವತ್ತು ನಿಮಿಷ ಆಯ್ತು. ನನಗೆ ನಲವತ್ತೈದು ಸಾಕು. ಇರಲಿ, ನಿಧಾನ ಒಳ್ಳೇದೇ... ಮೂವತ್ತೆಂಟನೇದು ಸ್ವಲ್ಪ ಕಷ್ಟ, ಒಳಗಿನ ಮೂಲೆ, ಕೈ ಓರೆ ಹಿಡೀಬೇಕು. ಹೇಳಿದ್ದೆ. ಹೇಳಿದ್ನಾ? ಹೇಳಿದ್ದೆ.

ಏನು ಅದೃಷ್ಟ ನನ್ನದು ಅಂತ ಯೋಚಿಸ್ತಿದ್ದೆ. ತಪ್ಪು ಮಾಡಿದವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಊಟ ಮಾಡೋ ಅಕ್ಕ. ನನ್ನ ಒಂದು ಚೀಟಿಗೆ ಇಷ್ಟು ಮರ್ಯಾದೆ ಕೊಟ್ಟ ಜನ. ಆ ಮೇಡಂಗೆ ಅವತ್ತು ಕಾಲು ನೋಯದೇ ಇದ್ದಿದ್ದರೆ... ಯಾರ ಯಾರ ಋಣ ಅಂತ ತೀರಿಸೋದು, ಹೇಳು, ನನ್ನಂಥ ವಟವಟ ಅನ್ನೋ ಮನುಷ್ಯನಿಗೆ —

"ಸರ್! ಸರ್, ಎಲ್ಲಿದ್ದೀರಿ?"

ಇಲ್ಲೇ, ಮೆಟ್ಟಿಲ ಮೇಲೆ. ಏನಾಯ್ತಮ್ಮ?

"ಸ್ಟಾಂಪ್ ಹಾಕಿದೆ."

...ಅರವತ್ತೊಂದೂ?

"ಅರವತ್ತೊಂದೂ. ಅಕ್ಕ ಕಾಗದ ಕಳಿಸಿಯೂ ಆಯ್ತು."

ನಾನೊಂದ್ಸಲ ನೋಡ್... ಬೇಡ. ಬೇಡ ಬಿಡು. ನೀನು ನೋಡಿದ್ದೀಯಲ್ಲ.

"ಬನ್ನಿ ಸರ್, ಎಲ್ಲರೂ ಕಾಯ್ತಿದ್ದಾರೆ. ಯಾರ ಜೊತೆ ಮಾತಾಡ್ತಿದ್ದೀರಿ?"

ಯಾರೂ ಇಲ್ಲಮ್ಮ. ಬಂದೆ. ಇಡ್ತೀನಪ್ಪ, ಕರೀತಿದ್ದಾ—