ಕಿತ್ತಳೆ ದೀಪದ ನಾಲ್ಕು ದಿನ

ಮಾರ್ಚ್ 3, ಬೆಳಗ್ಗೆ 10

ಮತ್ತೆ ರೌಟರ್ ಮುಂದೆ ಕೂತಿದ್ದೇನೆ. ಆಫೀಸಿನ ಮೇಲ್ ಎರಡನೇ ಸಲ ಬಂತು. ಮನೆಯಿಂದ ಕೆಲಸ ಮಾಡುವವರೆಲ್ಲ ವೈಫೈಗೆ ಹೊಸ ಬಗೆಯ ಎನ್‌ಕ್ರಿಪ್ಶನ್ ಹಾಕಿಕೊಳ್ಳಬೇಕು, ನಾಳೆಯೊಳಗೆ. ಇಲ್ಲದಿದ್ದರೆ ಫೈಲ್ ಕಳಿಸುವುದಿಲ್ಲ. ತಪ್ಪೆನ್ನಲಾಗದು. ನಾನು ಕೇಳಿ ಟೈಪ್ ಮಾಡುವುದು ಕೋರ್ಟಿನ ಸಾಕ್ಷಿಗಳ ದನಿ. ಕಂಡವರ ಕಿವಿಗೆ ಬೀಳಬಾರದ್ದು.

ಹಾಕಿದೆ. ಪಾಸ್‌ವರ್ಡೂ ಬದಲಾಯಿಸಿದೆ. ಮನೆಯಲ್ಲಿದ್ದ ಯಂತ್ರಗಳೆಲ್ಲ ಒಂದೇ ಏಟಿಗೆ ಹೊರಗೆ. ಒಂದೊಂದನ್ನೇ ಒಳಗೆ ಕರೆದುಕೊಂಡೆ. ಕಂಪ್ಯೂಟರ್ ಬಂತು. ನನ್ನ ಫೋನ್ ಬಂತು. ಮಗಳ ಟ್ಯಾಬ್ ಮೂರು ಸಲ ಮುನಿಸಿಕೊಂಡು ಬಂತು. ಪ್ರಿಂಟರ್, ಟಿವಿ — ಸರಿ.

ಅತ್ತೆಯ ಹಾಸಿಗೆ ಪಕ್ಕದ ಡಬ್ಬಿ ಮಾತ್ರ ಬರಲಿಲ್ಲ. ಅವರ ಎದೆಯೊಳಗಿನ ಪೇಸ್‌ಮೇಕರಿನ ವರದಿಯನ್ನು ದಿನಾ ಬೆಳಗ್ಗೆ ಆರಕ್ಕೆ ಆಸ್ಪತ್ರೆಗೆ ಕಳಿಸುವ ಡಬ್ಬಿ. ಹಸಿರು ಇರಬೇಕಾದ ದೀಪ ಕಿತ್ತಳೆ.

“ಏನಾಯ್ತೇ ನಮ್ಮ ಚಾಡಿಕೋರನಿಗೆ?” ಅತ್ತೆ ಅದನ್ನು ಕರೆಯುವುದೇ ಹಾಗೆ. ಎದೆಯೊಳಗಿನದ್ದನ್ನೆಲ್ಲ ಡಾಕ್ಟರಿಗೆ ಊದುತ್ತದಂತೆ.

“ಏನಿಲ್ಲ ಅತ್ತೆ. ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತೆ.”

ಮಾರ್ಚ್ 4

ಸರಿಹೋಗಲಿಲ್ಲ. ಡಬ್ಬಿ ಹಳೆಯದು. ಹೊಸ ಎನ್‌ಕ್ರಿಪ್ಶನ್ ಅದಕ್ಕೆ ಅರ್ಥವೇ ಆಗುವುದಿಲ್ಲ ಎಂದು ಹೆಲ್ಪ್‌ಲೈನಿನವನು ಹೇಳಿದ. “ಹಳೇದಕ್ಕೇ ವಾಪಸ್ ಹಾಕ್ಬಿಡಿ ಮೇಡಮ್.”

ಸೂಪರ್‌ವೈಸರಿಗೆ ಕೇಳಿದೆ. “ಹಳೇದಿದ್ರೆ ನಿಮಗೆ ಫೈಲ್ ಬರಲ್ಲ. ನಂಗೆ ಬೇರೆಯವರು ಸಿಗ್ತಾರೆ.” ಅಷ್ಟೇ. ಫೋನಿಟ್ಟರು.

ಸೆಟ್ಟಿಂಗ್ ತೆರೆದೆ. ಹಳೆಯದರ ಮೇಲೆ ಬೆರಳಿಟ್ಟಿದ್ದೆ. ಅಷ್ಟರಲ್ಲಿ ಫೈಲ್ ಬಂತು — ನಾಲ್ಕು ಗಂಟೆಯ ಸಾಕ್ಷ್ಯ, ಅರ್ಜೆಂಟ್. ಇದೊಂದು ಮುಗಿಯಲಿ ಅಂದುಕೊಂಡೆ.

ಇವರು ಬೇರೆ ಊರಲ್ಲಿ ಲಿಫ್ಟ್ ಜೋಡಿಸುತ್ತಿದ್ದಾರೆ. ಸಂಜೆ ಫೋನ್ ಮಾಡಿ, “ಅಮ್ಮ ಹೇಗಿದ್ದಾರೆ?” ಅಂದರು. ಚೆನ್ನಾಗಿದ್ದಾರೆ ಅಂದೆ. ದೀಪದ ಮಾತು ಎತ್ತಲಿಲ್ಲ. ಡಬ್ಬಿಯ ಮೇಲೆ ಟವೆಲ್ ಹಾಕಿಬಂದೆ. ಧೂಳು ಕೂರದಿರಲಿ ಅಂತ... ಸುಳ್ಳು. ಅತ್ತೆಗೆ ಕಾಣದಿರಲಿ ಅಂತ.

ಮಾರ್ಚ್ 6

ಎರಡು ದಿನ ಹೆಡ್‌ಫೋನ್ ಕಿವಿಯಿಂದ ಇಳಿದಿಲ್ಲ. ಅತ್ತೆ ಇವತ್ತು ಅಡುಗೆಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಕೇಳಿದರೆ, “ಕಾಲು ಜೋಮು ಹಿಡಿದಿದೆ ಕಣೆ. ನೀನು ಹೋಗು, ನಿನ್ನ ಕೆಲಸ ನೋಡು.”

ಹೋದೆ.

ಮಾರ್ಚ್ 7, ಬೆಳಗ್ಗೆ 11.40

ಆಸ್ಪತ್ರೆಯ ನರ್ಸ್ ಫೋನ್. “ನಾಲ್ಕು ದಿನದಿಂದ ನಿಮ್ಮ ರೀಡಿಂಗ್ ಬಂದಿಲ್ವಲ್ಲ. ಡಬ್ಬಿ ಆಫ್ ಮಾಡಿದ್ದೀರಾ?”

ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, ಆಕೆ ಕೇಳಿದ್ದು ಒಂದೇ: “ನಿಮ್ಮ ರೌಟರಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಇದೆಯಾ ನೋಡಿ.”

ಇತ್ತು. ಮೊದಲಿನಿಂದಲೂ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಡಬ್ಬಿಗೆ ಗೊತ್ತಿರುವ ಹಳೆಯ ಎನ್‌ಕ್ರಿಪ್ಶನ್. ನನ್ನ ಕಂಪ್ಯೂಟರ್ ಹೊಸದರಲ್ಲೇ ಇರುತ್ತದೆ, ಡಬ್ಬಿ ಪಕ್ಕದ ದಾರಿಯಲ್ಲಿ ಹೋಗುತ್ತದೆ. ಆಫೀಸಿನ ನಿಯಮವೂ ಮುರಿಯಲಿಲ್ಲ. ಆರು ನಿಮಿಷದ ಕೆಲಸ. ಆರು ನಿಮಿಷ! ನಾಲ್ಕು ದಿನ ಕೂತಿದ್ದೆನಲ್ಲ.

ಕಿತ್ತಳೆ ಮಿನುಗಿತು. ಆರಿತು. ಹಸಿರು.

12.10

ಕೂಡಿಟ್ಟಿದ್ದನ್ನೆಲ್ಲ ಡಬ್ಬಿ ಒಟ್ಟಿಗೆ ಕಳಿಸಿತಂತೆ. ಅದೇ ನರ್ಸ್, ದನಿಯೇ ಬೇರೆ. “ಅವರನ್ನ ನಡೆಸಬೇಡಿ. ಆಂಬುಲೆನ್ಸ್ ಹೊರಟಿದೆ. ಬಾಗಿಲು ತೆಗೆದಿಡಿ.”

ಅತ್ತೆ ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಾರೆ. “ಊದಿಬಿಟ್ಟನಾ?” ಅಂದರು. ತುಟಿ ಬೆಳ್ಳಗಿತ್ತು. ಗಾಡಿಯ ಸದ್ದು —

ಮಾರ್ಚ್ 12

ಬರೆಯಲು ಇವತ್ತು ಕೈ ಬಂತು. ಎದೆಯೊಳಗೆ ಪೇಸ್‌ಮೇಕರಿನ ತಂತಿ ಸೀಳಿಹೋಗಿತ್ತು. 4ರಿಂದಲೇ ಹೃದಯ ಆಗಾಗ ನಿಂತು ನಿಂತು ಹೊಡೆದಿದೆ, ಒಮ್ಮೆ ಐದು ಸೆಕೆಂಡ್. ಹೊಸ ತಂತಿ ಹಾಕಿದರು. ಅತ್ತೆ ಬದುಕಿದರು. ಮೂರು ದಿನ ಐಸಿಯು ಬಾಗಿಲಲ್ಲಿ ನಾನೂ, ಓಡಿಬಂದ ಇವರೂ. ಒಂದೇ ಬೆಂಚು. ಹೇಳಲು ಬಾಯಿ ತೆರೆದೆ, ಮುಚ್ಚಿದೆ.

ಅತ್ತೆಗೆ ನಿನ್ನೆ ಹೇಳಿದೆ. ಟವೆಲಿನ ವಿಷಯವೂ. ಅವರೂ ತಮ್ಮದು ಹೇಳಿದರು. “ನಂಗೆ ಬುಧವಾರದಿಂದಲೇ ತಲೆ ತಿರುಗ್ತಿತ್ತು. ನೀನು ಕೆಲಸ ಬಿಟ್ಟು ಓಡಿಬರ್ತೀಯ ಅಂತ ಬಾಯಿ ಬಿಡಲಿಲ್ಲ. ಅವನಿಗೆ ಇದೆಲ್ಲ ಹೇಳಬೇಡ. ಕೂಗಾಡ್ತಾನೆ.”

ಮಾರ್ಚ್ 13, ಸಂಜೆ 5

ಅತ್ತೆ ಮನೆಗೆ ಬಂದರು. ದೀಪ ಹಸಿರು. ಗಂಟೆಗೆ ನಾಲ್ಕು ಸಲ ನೋಡಿಬರುತ್ತಿದ್ದೇನೆ.

ಇವರು ಊಟದ ಮೇಜಿಗೆ ಕೂತು ಆಸ್ಪತ್ರೆಯ ಕಾಗದ ಜೋಡಿಸುತ್ತಿದ್ದರು. ಫೋನ್ ಎತ್ತಿ, “ವೈಫೈ ಹಿಡೀತಾನೇ ಇಲ್ಲ. ಪಾಸ್‌ವರ್ಡ್ ಬದಲಾಯಿಸಿದ್ಯಾ?” ಅಂದರು.

“ಹೂಂ.”

“ಯಾವತ್ತು?”

ಬಾಯಿಗೆ ಬಂದದ್ದು ಬೇರೆ ತಾರೀಖು. ನುಂಗಿಕೊಂಡೆ. “ಮೂರಕ್ಕೆ,” ಅಂದೆ.

ಕಾಗದದ ಮೇಲೆ ಅವರ ಬೆರಳು ನಿಂತಿತು. ಕೊನೆಯ ರೀಡಿಂಗ್: ಮಾರ್ಚ್ 3.

“ಅವತ್ತೇ ಗೊತ್ತಿತ್ತು,” ಅಂದೆ. “ಫೋನಲ್ಲಿ ನೀವು ಕೇಳಿದಾಗಲೂ ಗೊತ್ತಿತ್ತು. ಹೇಳಲಿಲ್ಲ.”

ಕೂಗಾಡಲಿಲ್ಲ. ಅದೇ ಹೆದರಿಕೆ. ಒಳಗಿನಿಂದ ಅತ್ತೆ, “ಬೈಯೋದಾದ್ರೆ ಇಬ್ಬರನ್ನೂ ಸೇರಿಸಿ ಬೈಯೋ, ನಾನೂ ಮುಚ್ಚಿಟ್ಟಿದ್ದೆ,” ಅಂದರು. ಇವರು ಕಾಗದ ಮಡಚಿಟ್ಟರು.

ನಾನು ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ಕುರ್ಚಿ ಸರಿದ ಸದ್ದು. ಇವರು ಈ ಕಡೆಗೇ ಬರುತ್ತಿ —