ಅಪ್ಪನ ‘ನೋಡೋಣ’

ಸ್ಟೇಡಿಯಂ ಎದುರು, ಮೂರನೇ ಮಹಡಿ
೧೫ನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಸಿಳ್ಳೆ,

ಹೇಗಿದ್ದೀಯೋ? ನಿನ್ನ ಸೊಂಟ ನೋವು ಏನಾಯಿತು? ಇಡೀ ದಿನ ಇನ್ನೊಬ್ಬರ ಬಾಯಿಯೊಳಗೆ ಬಗ್ಗಿ ಬಗ್ಗಿ ನೋಡಿದರೆ ಸೊಂಟ ಇನ್ನೇನಾದೀತು. ನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡು. ಹಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ನಿನ್ನ ಹೆಂಡತಿಯ ಕೆಮ್ಮು ನಿಂತಿರಬೇಕು, ಪುಟ್ಟಿಗೆ ಪರೀಕ್ಷೆ ಮುಗಿದಿರಬೇಕು ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ, ಮೊಣಕಾಲೊಂದು ಆಗಾಗ ಮುನಿಸಿಕೊಳ್ಳುತ್ತದೆ ಅಷ್ಟೆ. ಈಗಲೂ ಬಂದವರಿಗೆಲ್ಲ, “ಮಗನಿಗೆ ಬಾಯಿ ಕೊಟ್ಟೆ, ಮಗಳಿಗೆ ಕಿವಿ ಕೊಟ್ಟೆ, ನನ್ನ ಆಸ್ತಿ ಖಾಲಿ” ಎಂದು ಹೇಳಿ ತಾವೇ ನಗುತ್ತಾರೆ.

ಫೋನು ಇರುವಾಗ ಕಾಗದ ಯಾಕೆ ಎಂದು ನೀನು ನಗುತ್ತೀಯ ಅಂತ ಗೊತ್ತು. ನಗು. ಹೋದ ತಿಂಗಳಿಂದ ಐದು ಸಲ ಫೋನಿನಲ್ಲಿ ಈ ಮನೆ ಮಾರುವ ವಿಷಯ ಎತ್ತಿದ್ದೇನೆ. ಐದು ಸಲವೂ ನೀನು ಏನೋ ಒಂದು ಅಂದು, ನಾನು ಬಿಡಿಸಿ ಹೇಳಲು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಹೊರಗೆ ಹೋ ಎಂದು ಕೂಗು ಎದ್ದಿದೆ, ಅದು ನಿನ್ನ ಕಿವಿಗೆ ಬಿದ್ದಿದೆ, ನೀನು “ಅಕ್ಕಾ, ಅಕ್ಕಾ, ಸ್ಕೋರ್ ಎಷ್ಟಾಯ್ತು ನೋಡೇ” ಎಂದಿದ್ದೀಯ. ನಾನು ಬಾಲ್ಕನಿಗೆ ಓಡಿ, ಕತ್ತು ಚಾಚಿ, ಅರ್ಧ ಕಾಣುವ ಆ ಬೋರ್ಡು ಓದಿ ಹೇಳಿ, ಕೊನೆಗೆ ಫೋನಿಟ್ಟಿದ್ದೇನೆ. ನನ್ನ ಮಾತು ಅರ್ಧಕ್ಕೇ ಉಳಿದಿದೆ. ಕಾಗದಕ್ಕೆ ಸ್ಕೋರು ಕೇಳಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನವೂ ಆಟವಿದೆ. ಹನ್ನೆರಡಕ್ಕೆ ಬೀದಿಗೆ ಅಡ್ಡಗಟ್ಟೆ ಇಡುತ್ತಾರೆ, ಅಷ್ಟರಲ್ಲಿ ಇದನ್ನು ಡಬ್ಬಿಗೆ ಹಾಕಬೇಕು. ಆಮೇಲೆ ಅಂಚೆ ಡಬ್ಬಿಯ ಬಾಯಿಗೂ ಮುಚ್ಚಳ ಬೀಳುತ್ತದೆ, ಜನ ಅದರೊಳಗೆ ಖಾಲಿ ಲೋಟ ತುರುಕುತ್ತಾರಂತೆ.

ನೀನು ವರ್ಷಕ್ಕೆರಡು ಸಲ ದೊಡ್ಡ ಪಂದ್ಯಗಳಿಗೆಂದು ಗೆಳೆಯರ ದಂಡು ಕಟ್ಟಿಕೊಂಡು ಬರುತ್ತೀಯ. ಬಾಲ್ಕನಿಯಲ್ಲಿ ನಿಂತು, “ಜನ ದುಡ್ಡು ಸುರಿದು ಬರೋ ಜಾಗದಲ್ಲಿ ನೀವು ಪುಕ್ಕಟೆ ಇದ್ದೀರಲ್ಲೇ ಅಕ್ಕ” ಅನ್ನುತ್ತೀಯ. ನಿಜ ಕಣೋ. ಬಂದು ಹೋಗುವವರಿಗೆ ಇದು ಸ್ವರ್ಗವೇ. ಕೆಳಗೆ ಬಾರು, ಅದರ ಮೇಲೆ ಕುಣಿಯುವ ಕ್ಲಬ್ಬು, ಅದರ ಮೇಲೆ ಹಾಡುಗಾರರು ಅಭ್ಯಾಸ ಮಾಡುವ ಕೋಣೆ, ಅದರ ತಲೆಯ ಮೇಲೆ ನಾನು ಮತ್ತು ಅಪ್ಪ. ಎದುರಿನ ನಾಟಕ ಮಂದಿರದ ದೀಪದ ಫಲಕ ಎಷ್ಟು ದಪ್ಪ ಪರದೆ ಹಾಕಿದರೂ ನಮ್ಮ ಗೋಡೆಯನ್ನು ಒಮ್ಮೆ ಕೆಂಪು, ಒಮ್ಮೆ ಹಸಿರು ಮಾಡುತ್ತದೆ. ಮೆಟ್ಟಿಲಲ್ಲಿ ಯಾರು ಯಾರೋ ಕೂತಿರುತ್ತಾರೆ, ನಮ್ಮದೇ ಮನೆಗೆ “ಸ್ವಲ್ಪ ಜಾಗ ಬಿಡ್ತೀರಾ” ಎಂದು ಕೇಳಿಕೊಂಡು ಹತ್ತಬೇಕು. ಒಂದು ದಿನ ಮರೆತು ಹಸಿರು ಸ್ವೆಟರ್ ಹಾಕಿಕೊಂಡು ತರಕಾರಿಗೆ ಹೋದೆ. ಅದು ಎದುರಾಳಿ ತಂಡದ ಬಣ್ಣವಂತೆ. ಬೀದಿಗೆ ಬೀದಿಯೇ ನನ್ನನ್ನು ನೋಡಿ ಹೋ ಎಂದು ಕೂಗಿತು. ನಿನ್ನ ಅಕ್ಕ, ಐವತ್ತೆರಡು ವರ್ಷದ ಹೆಂಗಸು, ಎರಡು ಕೆಜಿ ಈರುಳ್ಳಿ ಹಿಡಿದುಕೊಂಡು ತಲೆ ತಗ್ಗಿಸಿ ನಡೆದಳು.

ಇದನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಆ ಪಾಸು. ಆಟದ ದಿನ ಮನೆಗೊಂದೇ ಪಾಸು, ಒಂದು ಪಾಸಿಗೆ ಒಬ್ಬರೇ. ಇಬ್ಬರೂ ಹೊರಗೆ ಹೋದರೆ ಒಬ್ಬರು ಮಾತ್ರ ವಾಪಸು ಬರಬಹುದು. ಆಟದ ತಿಂಗಳುಗಳ ಶುರುವಿನಲ್ಲಿ ಇದು ಗೊತ್ತಿಲ್ಲದೆ ಅಪ್ಪನನ್ನು ಮೊಣಕಾಲು ತೋರಿಸಲು ಕರೆದುಕೊಂಡು ಹೋಗಿದ್ದೆ. ಬರುವಾಗ ಅಡ್ಡಗಟ್ಟೆಯ ಹತ್ತಿರ ಕಾವಲಿನವನು ತಡೆದ. ಇವರು ನಮ್ಮಪ್ಪ ಕಣಪ್ಪಾ ಎಂದರೆ “ಎಲ್ರೂ ಹಂಗೇ ಹೇಳ್ತಾರೆ ಮೇಡಂ, ಟಿಕೆಟ್ ಎಲ್ಲಿ” ಎಂದ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಊರಿಗೆಲ್ಲ ಟಿಕೆಟ್ ಹರಿದು ಕೊಟ್ಟವರನ್ನು ಅವರ ಮನೆಗೆ ಅವರು ಹೋಗಲು ಟಿಕೆಟ್ ಕೇಳಿದರು.  ಆಟ ಮುಗಿಯುವವರೆಗೆ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತಿದ್ದೆವು. ಆವತ್ತಿನಿಂದ ಅವರು ಭಾನುವಾರ ಹೊರಗೆ ಹೋಗೋಣ ಎಂದದ್ದೇ ಇಲ್ಲ. ನನಗಿರುವ ರಜೆಯೂ ಅದೊಂದೇ ದಿನ.

ಉಸಿರು ಕಟ್ಟುತ್ತದೆ ಕಣೋ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೆಲಸ ಮುಗಿದ ಮೇಲೂ ನಾನು ಕ್ಲಿನಿಕ್ಕಿನ ಕಿವಿ ಪರೀಕ್ಷೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸುಮ್ಮನೆ ಕೂರುತ್ತೇನೆ. ಗೋಡೆಗೆಲ್ಲ ಸ್ಪಂಜು ಮೆತ್ತಿದ, ಇಬ್ಬರು ನಿಂತರೆ ಮೈಗೆ ಮೈ ತಾಗುವ ಕೋಣೆ ಅದು. ಅಲ್ಲಿ ನನ್ನ ಉಸಿರು ನನಗೆ ಕೇಳಿಸುತ್ತದೆ. ಮನೆಗಿಂತ ಆ ಡಬ್ಬಿಯೇ ವಿಶಾಲ ಅನ್ನಿಸುವ ಮಟ್ಟಕ್ಕೆ ಬಂದಿದ್ದೇನೆ ನೋಡು.

ನಿನಗೆ ಗೊತ್ತೇ ಇದೆ, ಅಮ್ಮ ಹೋದ ಮೇಲೆ ಈ ಮನೆ ನಮ್ಮ ಮೂವರ ಹೆಸರಿಗೆ ಬಂತು. ಕೆಳಗಿನ ಬಾರಿನವರು ಕೊಳ್ಳಲು ಸಿದ್ಧ. ನಮ್ಮ ಕ್ಲಿನಿಕ್ಕಿನ ನರ್ಸಮ್ಮನ ಚಿಕ್ಕಪ್ಪನ ಮನೆಯೊಂದು ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರ ಖಾಲಿ ಬಿದ್ದಿದೆ, ನೆಲಮಹಡಿ, ಅಪ್ಪನ ಮೊಣಕಾಲಿಗೆ ಒಳ್ಳೆಯದು. ಅವರು ಈ ತಿಂಗಳ ಕೊನೆಯವರೆಗೆ ನಮಗಾಗಿ ಇಟ್ಟುಕೊಂಡಿರುತ್ತಾರೆ. ಬೇಕಾದ್ದು ಮೂರು ಸಹಿ. ನನ್ನದು ಹಾಕಿಯಾಗಿದೆ. ನೀನು ಮಾತ್ರ, “ಅಪ್ಪನಿಗೆ ಆ ಮನೆ ಅಂದ್ರೆ ಪ್ರಾಣ, ಅವರನ್ನ ಕೀಳಬೇಡ” ಎಂದು ಅದೊಂದೇ ಮಾತು ಹಿಡಿದು ಕೂತಿದ್ದೀಯ. ನಿನ್ನನ್ನು ಬೈದುಕೊಂಡರೂ ಒಳಗೊಳಗೆ ನಾನೂ ಅದನ್ನೇ ನಂಬಿದ್ದೆ. ಹೋದ ಭಾನುವಾರದವರೆಗೆ.

ಅಪ್ಪನ ‘ನೋಡೋಣ’ ನಿನಗೆ ಮರೆತಿರಲಾರದು. ನೀನು ಸೈಕಲ್ ಕೇಳಿದೆ, ನೋಡೋಣ. ನಾನು ಹಾಡಿನ ಕ್ಲಾಸಿಗೆ ಹೋಗುತ್ತೇನೆ ಅಂದೆ, ನೋಡೋಣ. ಅಮ್ಮ ಅಡುಗೆಮನೆಗೆ ಇನ್ನೊಂದು ಕಿಟಕಿ ಕೇಳುತ್ತಲೇ ಕಣ್ಣು ಮುಚ್ಚಿದಳು, ಅದೂ ನೋಡೋಣ. ನಿಮ್ಮಪ್ಪ ನೋಡೋಣ ಅಂದರೆ ಮುಗೀತು, ಎದ್ದು ಕೈ ತೊಳ್ಕೊಳ್ಳಿ ಎಂದು ಕಲಿಸಿದವಳೂ ಅವಳೇ. ಹಾಗಾಗಿ ನಾಲ್ಕು ತಿಂಗಳ ಹಿಂದೆ, “ಅಪ್ಪಾ, ಕೊನೇ ನಿಲ್ದಾಣದ ಹತ್ರ ಒಂದು ಮನೆ ಇದೆಯಂತೆ” ಎಂದು ನಾನು ಬಾಯಿಬಿಟ್ಟಾಗ ಅವರು “ನೋಡೋಣ” ಎಂದರು, ನಾನು ಕೈ ತೊಳೆದುಕೊಂಡೆ. ತಿಂಗಳು ಬಿಟ್ಟು ಮತ್ತೆ ಕೇಳಿದೆ. “ನೋಡೋಣ ಅಂದ್ನಲ್ಲ” ಎಂದು ಸ್ವಲ್ಪ ಗಡುಸಾಗೇ ಅಂದರು. ಇನ್ನು ಕೆಣಕುವುದು ಬೇಡ ಎಂದು ಬಾಯಿ ಹೊಲಿದುಕೊಂಡೆ.

ಆಗಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವರು ಇಸ್ತ್ರಿ ಶರ್ಟು ಹಾಕಿ, ಬೂಟು ಕಟ್ಟಿ, ಕೊಡೆ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಆಟಕ್ಕೆಂದು ಇಷ್ಟು ಸಡಗರವೇ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು. ಆದರೂ ಅವರ ಸಂತೋಷ ಯಾಕೆ ಕೆಡಿಸಲಿ ಎಂದು ಹನ್ನೆರಡಕ್ಕೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿ, ಬನ್ನಿ ಅಪ್ಪ ಶುರುವಾಗುತ್ತೆ ಎಂದು ಕೈ ಹಿಡಿದು ಕರೆತರುತ್ತಿದ್ದೆ. ಅವರು ಬಂದು ಕೂರುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಜನ ಚಪ್ಪಾಳೆ ತಟ್ಟಿದಾಗ ಅವರಿಗಾಗಿ ಚಪ್ಪಾಳೆ ತಟ್ಟುತ್ತಿದ್ದೆ. ಅವರೂ ತಟ್ಟುತ್ತಿದ್ದರು.

ಹೋದ ಭಾನುವಾರ ಸ್ಟೇಡಿಯಂ ಕೆಳಗೆ ನೀರಿನ ಪೈಪು ಒಡೆದು ಆಟವೇ ರದ್ದಾಯಿತು. ಅಪ್ಪ ಎಂದಿನಂತೆ ಬೂಟು ಕಟ್ಟಿ ಕೂತಿದ್ದರು. ಇವತ್ತು ಆಟ ಇಲ್ಲ ಅಪ್ಪ, ಬಟ್ಟೆ ಬದಲಾಯಿಸಿ ಎಂದೆ. ಅವರ ಮುಖ ಅರಳಿಬಿಟ್ಟಿತು ಕಣೋ. “ಇಲ್ವಾ? ಸದ್ಯ! ಹಾಗಾದ್ರೆ ಇಬ್ರೂ ಹೋಗ್ಬರಬಹುದು, ನಡಿ ನಡಿ” ಎಂದು ಎದ್ದೇಬಿಟ್ಟರು. ಎಲ್ಲಿಗೆ ಎಂದೆ. “ಎಲ್ಲಿಗೆ ಅಂದ್ರೆ? ಆ ಮನೆ ನೋಡೋಕೆ. ನೋಡೋಣ ಅಂತ ಎಷ್ಟು ಸಲ ಹೇಳ್ಬೇಕೇ ನಿನಗೆ?”

 ನಾಲ್ಕು ತಿಂಗಳು ಆ ಮನುಷ್ಯ ಮನೆ ನೋಡಲು ಹೊರಟು ಬಾಗಿಲಲ್ಲಿ ಕೂತಿದ್ದರು, ನಾನು ಪ್ರತಿ ವಾರ ಕೈ ಹಿಡಿದು ಎಳೆದುಕೊಂಡು ಬಂದು ಬಾಲ್ಕನಿಯಲ್ಲಿ ಕೂರಿಸಿದ್ದೆ! ಹಾಗಾದರೆ ಚಪ್ಪಾಳೆ ಯಾಕೆ ತಟ್ಟಿದಿರಿ ಅಪ್ಪ ಎಂದು ಕೇಳಿದರೆ, “ನೀನು ತಟ್ತಿದ್ದೆಯಲ್ಲ, ಪಾಪ, ಹುಡುಗಿಗೆ ಇದೊಂದೇ ಖುಷಿ ಅಂದ್ಕೊಂಡೆ. ನನಗೆ ಆ ಗಲಾಟೆ ಕೇಳಿದ್ರೆ ತಲೆ ಸಿಡಿಯುತ್ತೆ” ಎಂದರು. ನಕ್ಕೆ, ನಗುತ್ತಾ ಅತ್ತೆ. ಊರವರ ಕಿವಿಗೆಲ್ಲ ಪರೀಕ್ಷೆ ಮಾಡುತ್ತೇನೆ, ನನ್ನ ಕಿವಿಗೆ ಏನಾಗಿತ್ತೋ. ಜೀವಮಾನದಲ್ಲಿ ಒಂದೇ ಒಂದು ಸಲ ಅಪ್ಪನ ನೋಡೋಣಕ್ಕೆ ನೋಡೋಣ ಎಂಬುದೇ ಅರ್ಥವಾಗಿತ್ತು, ಆ ಸಲವೇ ನನಗೆ ಕೇಳಿಸಲಿಲ್ಲ.

ಹೋದೆವು. ಬಸ್ಸಿನಲ್ಲಿ ಸೀಟಿದ್ದರೂ ಅಪ್ಪ ಕಂಡಕ್ಟರನ ಪಕ್ಕದಲ್ಲಿ ನಿಂತು ಅವನು ಚಿಲ್ಲರೆ ಕೊಡುವುದನ್ನೇ ಗಮನಿಸುತ್ತಿದ್ದರು. ಇಳಿಯುವಾಗ “ಹುಷಾರಿದ್ದಾನೆ” ಎಂದು ಸರ್ಟಿಫಿಕೇಟು ಕೊಟ್ಟರು. ಮನೆ ಏನು ಅರಮನೆಯಲ್ಲ. ಎರಡು ಕೋಣೆ, ಅಡುಗೆಮನೆಯ ಮೂಲೆಯಲ್ಲಿ ಪಾಚಿ, ಹಿತ್ತಿಲಲ್ಲಿ ಅಂಗೈ ಅಗಲದ ಮಣ್ಣು. ಅಪ್ಪ ನಡುಮನೆಯಲ್ಲಿ ನಿಂತು ಬಾಗಿಲು ಹಾಕು ಎಂದರು. ಹಾಕಿದೆ. ಸ್ವಲ್ಪ ಹೊತ್ತು ಕಿವಿಗೊಟ್ಟು, ಅದೇನೇ ಸದ್ದು ಎಂದು ಕೇಳಿದರು. ನಲ್ಲಿ ತೊಟ್ಟಿಕ್ಕುತ್ತಿದೆ ಅಪ್ಪ ಎಂದೆ. ಅವರು ಮೊಣಕಾಲು ನೋವನ್ನೂ ಲೆಕ್ಕಿಸದೆ ಬರಿಯ ನೆಲದ ಮೇಲೆ ಕೂತುಬಿಟ್ಟರು, ಕಾಲು ಗಂಟೆ ಏಳಲೇ ಇಲ್ಲ. ಮನೆಯವರು ಬಂದು ನಲ್ಲಿ ರಿಪೇರಿ ಮಾಡಿಸಿ ಕೊಡ್ತೀವಿ ಎಂದರೆ, “ಅವಸರ ಇಲ್ಲ ಬಿಡಿ” ಎಂದರು.

ಈಗ ಹೇಳು, ಅಪ್ಪನಿಗೆ ಯಾವ ಮನೆ ಪ್ರಾಣ? ನೀನೂ ಅವರ ಮಗನೇ, ಸಹಿ ಎಂದಾಗಲೆಲ್ಲ “ನೋಡೋಣ ಅಕ್ಕ” ಅನ್ನುತ್ತೀಯ. ಅದು ಯಾವ ಜಾತಿಯ ನೋಡೋಣ ಎಂದು ಈ ಸಲ ಬಿಡಿಸಿ ಹೇಳಿಬಿಡು, ಇನ್ನೊಂದು ನಾಲ್ಕು ತಿಂಗಳು ತಪ್ಪು ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ. ಕಾಗದಪತ್ರ ಇದರ ಜೊತೆಗಿಟ್ಟಿದ್ದೇನೆ, ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ ಅಂಚೆಗೆ ಹಾಕು. ಅಪ್ಪನ ಸಹಿ ಇನ್ನೂ ಆಗಿಲ್ಲ. ಪೆನ್ನು ಕೊಟ್ಟರೆ, “ಮೊದ್ಲು ಅವನು ಹಾಕ್ಲಿ, ಆಮೇಲೆ ನಾನು” ಎಂದು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಮನೆ ಇಷ್ಟವಾಗಿದೆ, ಹೊರಡಲು ಬೂಟೂ ಕಟ್ಟಿದ್ದಾರೆ, ಆದರೆ ಸಹಿ ಮಾತ್ರ ಮಗನ ನಂತರ! ಈ ವಯಸ್ಸಿನಲ್ಲೂ ಗಂಡುಮಗನ ದೊಡ್ಡಸ್ತಿಕೆ ಎಂದು ನನಗೆ ಮೂಗಿನ ತುದಿಗೆ ಸಿಟ್ಟು ಬಂದಿದೆ. ಎರಡು ದಿನದಿಂದ ಅವರ ಜೊತೆ ಸರಿಯಾಗಿ ಮಾತಾಡಿಲ್ಲ.

ಹನ್ನೊಂದೂ ಕಾಲಾಯಿತು. ಕೆಳಗೆ ಕಬ್ಬಿಣದ ಅಡ್ಡಗಟ್ಟೆ ಎಳೆಯುವ ಸದ್ದು ಶುರುವಾಗಿದೆ. ಮೈ ಕಡೆ ಗಮನವಿಡು, ನಿನ್ನ ಹೆಂಡತಿಗೆ ನಾನು ನೆನೆಸಿಕೊಂಡೆನೆಂದು ಹೇಳು, ಪುಟ್ಟಿಯ ಗಲ್ಲ ನನ್ನ ಪರವಾಗಿ ಒಮ್ಮೆ ಹಿಂಡು. ಬೈದದ್ದನ್ನೆಲ್ಲ ಬಿಟ್ಟು ಉಳಿದದ್ದನ್ನು ಮನಸ್ಸಿನಲ್ಲಿಟ್ಟುಕೋ. ನೂರು ಕಾಲ ನಗುನಗುತ್ತಾ ಬಾಳು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದು ಬರೆಯುತ್ತಿದ್ದೇನೆ. ಈಗಷ್ಟೇ ತಡೆಯಲಾರದೆ ಅಪ್ಪನನ್ನು ಕೇಳಿಬಿಟ್ಟೆ, ಅವನು ಮೊದಲು ಹಾಕಲೇಬೇಕೆಂದು ಯಾಕೆ ಹಟ ಎಂದು. ಕೊಡೆಯ ಹಿಡಿಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದರು. ಆಮೇಲೆ, “ಇಲ್ಲಿದ್ರೆ ವರ್ಷಕ್ಕೆರಡು ಸಲನಾದ್ರೂ ಬರ್ತಾನೆ. ಅಲ್ಲಿ ಆಟ ಇಲ್ವಲ್ಲೇ. ಆಟ ಇಲ್ದಿದ್ರೆ ಅವನು ನಮ್ಮನ್ನ ನೋಡೋಕೆ ಬರ್ತಾನೇನೆ?” ಎಂದರು. ನಾನು ಬರ್ತಾನೆ ಅಪ್ಪ ಎಂದು ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ ಕಣೋ. ಅದಕ್ಕೇ, ಸಹಿ ಮಾಡಿದ ಕಾಗದವನ್ನು ಅಂಚೆಗೆ ಹಾಕಬೇಡ, ನೀನೇ ತೆಗೆದುಕೊಂಡು ಬಾ. ಗೆಳೆಯರು ಬೇಡ. ಮಂಗಳವಾರ ಇಲ್ಲಿ ಆಟ ಇರುವುದಿಲ್ಲ.